ನಿರೀಕ್ಷಿತ ಉತ್ತರ

"ಈ ಅಂಕಣ ಯಾಕಮ್ಮ ಖಾಲಿ ಬಿಟ್ಟಿದೀಯ?" ಎಂದು ಉಪನ್ಯಾಸಕರು ಪಾಠ ಯೋಜನೆಯ ಹಾಳೆಯನ್ನು ಅವಳ ಕಡೆಗೆ ತಳ್ಳಿದರು.

ಐದು ಅಂಕಣಗಳಲ್ಲಿ ನಾಲ್ಕು ತುಂಬಿದ್ದವು. ಕೊನೆಯದರ ನೆತ್ತಿಯಲ್ಲಿ 'ಮಕ್ಕಳಿಂದ ನಿರೀಕ್ಷಿತ ಉತ್ತರ' ಎಂದಿತ್ತು. ಅದರ ಕೆಳಗೆ ಒಂದಕ್ಷರವೂ ಇರಲಿಲ್ಲ.

"ಹೊರಗಡೆ ಪಾಠ ಅಲ್ವಾ ಸಾರ್. ಅಲ್ಲಿ ಮಕ್ಕಳಿಗೆ ಏನು ಸಿಗುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ."

"ನಿನಗೇ ಗೊತ್ತಿಲ್ಲದ್ದನ್ನ ಮಕ್ಕಳಿಗೆ ಏನು ಹೇಳಿಕೊಡ್ತೀಯ?"

ಶಿಕ್ಷಕಿ ತರಬೇತಿ ಮುಗಿಯಲು ಎರಡೇ ತಿಂಗಳು ಬಾಕಿಯಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. 'ನನ್ನ ಬೋಧನಾ ತತ್ವ' ಎಂದು ಅವಳು ಬರೆದುಕೊಟ್ಟ ಎರಡು ಪುಟಕ್ಕೆ 'ಅತ್ಯುತ್ತಮ' ಎಂದು ಬರೆದು, ಇಡೀ ತರಗತಿಗೆ ಓದಿ ಹೇಳಿದ ಮಹಾನುಭಾವರು ಇವರೇ. ತಾನು ಕಣ್ಣಾರೆ ಕಂಡದ್ದನ್ನು ನಂಬುವ ಧೈರ್ಯ ಮಗುವಿಗೆ ಬರಬೇಕು, ಪರಿಸರ ಪಾಠ ಇರುವುದೇ ಅದಕ್ಕೆ ಎಂದು ಅದರಲ್ಲಿತ್ತು. ಓದುವಾಗ ಅವರ ದನಿ ಗದ್ಗದವಾಗಿತ್ತು. ಕಾಗದದ ಮೇಲಿದ್ದಷ್ಟು ಹೊತ್ತು ಎಲ್ಲರಿಗೂ ಧೈರ್ಯ ಇಷ್ಟವೇ.

ಹಿಂದಿನ ದಿನ ಅವಳು ಐದನೇ ತರಗತಿಯ ಮಕ್ಕಳನ್ನು ಶಾಲೆಯ ಹಿಂಗೋಡೆಯಾಚೆಯ ಕಾಲುವೆಗೆ ಕರೆದೊಯ್ದಿದ್ದಳು. ಕೈಗೊಂದು ಬಿಳಿ ತಟ್ಟೆ, ಒಂದು ಚಮಚ. ಪ್ರಶ್ನೆ ಕೇಳಿ ಕೇಳಿ 'ಪ್ರಶ್ನೆಪತ್ರಿಕೆ' ಎಂದು ಹೆಸರಾದ ಹುಡುಗಿಯೊಬ್ಬಳು ಮೊಣಕಾಲಿನವರೆಗೂ ಕೆಸರು ಮಾಡಿಕೊಂಡು ಎದ್ದು ನಿಂತಳು.

"ಮಿಸ್, ಈ ಪೈಪಿಗಿಂತ ಮೇಲ್ಗಡೆ ನೀರಲ್ಲಿ ಹುಳ ಇವೆ, ಮರಿಮೀನೂ ಇದೆ. ಈ ಪೈಪಿನಿಂದ ಕೆಳಗಡೆ ಒಂದೂ ಇಲ್ಲ. ಫಿನಾಯಿಲ್ ವಾಸನೆ ಬರುತ್ತೆ. ಇದು ನಮ್ಮ ಸ್ಕೂಲಿನ ಪೈಪೇ ಅಲ್ವಾ?"

ಹಿಂದಿನ ಗೇಟಿನ ಬಳಿ ಉಪನ್ಯಾಸಕರ ಜೊತೆ ನಿಂತಿದ್ದ ಮುಖ್ಯೋಪಾಧ್ಯಾಯಿನಿಯ ಮುಖ ಹುಳ್ಳಗಾಯಿತು. ಬಿಸಿಲು ಜಾಸ್ತಿಯಾಯಿತು ಎಂಬ ನೆಪದಲ್ಲಿ ಮಕ್ಕಳನ್ನೆಲ್ಲ ಒಳಗೆ ಕಳಿಸಲಾಯಿತು. ಅಂಥ ಬಿಸಿಲೇನೂ ಇರಲಿಲ್ಲ.

"ಗುರುವಾರ ಇದೇ ಪಾಠವನ್ನ ರೂಮಿನೊಳಗೇ ಮಾಡು, ಚಾರ್ಟ್ ಇಟ್ಕೊಂಡು. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ. ಇನ್ನೊಂದು ವರ್ಷ ಇಲ್ಲೇ ಕೂತಿರ್ತೀಯ" ಎಂದರು ಉಪನ್ಯಾಸಕರು.

ಅವಳು ಅಂಕಣ ತುಂಬಿದಳು. ಪರೀಕ್ಷೆಯ ಪಾಠಕ್ಕೆ ಮೊದಲು ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿ, ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕೆಂದು ಹಂಚಿಬಿಡುವುದು ಅಲ್ಲಿನ ಎಲ್ಲ ತರಬೇತಿಯವರ ಪದ್ಧತಿ. ಹಾಗೆ ಮಾಡುವ ಗೆಳತಿಯರನ್ನು ಅವಳು ವರ್ಷವಿಡೀ ಆಡಿಕೊಂಡು ನಕ್ಕಿದ್ದಳು. ಬುಧವಾರ ತಾನೂ ಹಂಚಿದಳು. ಮಕ್ಕಳು ಏಕೆ ಎಂದು ಕೇಳಲಿಲ್ಲ, ಅವರಿಗೆ ಇದು ರೂಢಿ. ಕಾಲುವೆಯ ಪ್ರಶ್ನೆ 'ಪ್ರಶ್ನೆಪತ್ರಿಕೆ' ಹುಡುಗಿಯ ಪಾಲಿಗೇ ಬಂತು. ಆ ಮಗು ಎರಡೇ ಸಲಕ್ಕೆ ಕಲಿತುಬಿಟ್ಟಿತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಗುರುವಾರ ಗೋಡೆಯ ಮೇಲೆ ನೀಲಿ ಕಾಲುವೆಯ ಚಾರ್ಟ್ ತೂಗಿತು. ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರು ಅಂಕಪಟ್ಟಿ ಹಿಡಿದು ಕುಳಿತಿದ್ದರು. ಪಾಠ ನೀರು ಕುಡಿದಷ್ಟು ಸಲೀಸಾಗಿ ಸಾಗಿತು.

"ನಮ್ಮ ಶಾಲೆಯ ಹಿಂದಿನ ಕಾಲುವೆ ಹೇಗಿದೆ?"

ಪ್ರಶ್ನೆಪತ್ರಿಕೆ ಕೈಕಟ್ಟಿ ನಿಂತಳು. "ನಮ್ಮ ಶಾಲೆಯ ಹಿಂದಿನ ಕಾಲುವೆಯ ನೀರು ಸ್ವಚ್ಛವಾಗಿದೆ. ಅದರಲ್ಲಿ ಅನೇಕ ಜೀವಿಗಳು ವಾಸಿಸುತ್ತವೆ."

ಒಂದು ಮಾತೂ ತಪ್ಪಲಿಲ್ಲ. ಉಪನ್ಯಾಸಕರು ತೃಪ್ತಿಯಿಂದ ತಲೆದೂಗಿ, ಅಂಕ ಬರೆದು, ಸಹಿಯ ಜಾಗಕ್ಕೆ ಪೆನ್ನು ತಂದರು. ಹುಡುಗಿ ಮಾತ್ರ ಕೂರಲಿಲ್ಲ.

"ಸರಿಯಾಗಿ ಹೇಳಿದ್ನಾ ಮಿಸ್?"

ಆ ಮುಖದಲ್ಲಿ ಕುಹಕವಿರಲಿಲ್ಲ, ಅನುಮಾನವೂ ಇರಲಿಲ್ಲ. ಶಹಭಾಸ್ ಎನ್ನಿಸಿಕೊಳ್ಳುವ ಆಸೆ ಮಾತ್ರ ಇತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಅವಳಿಗೆ ತನ್ನ ಮೇಲೆಯೇ ಕೆಂಡದಂಥ ಸಿಟ್ಟು ಬಂತು.

"ಇಲ್ಲ ಪುಟ್ಟಿ" ಎಂದಳು. "ಇದು ತಪ್ಪು. ಇದನ್ನ ಹೇಳಿಕೊಟ್ಟವಳು ನಾನು, ತಪ್ಪು ನಂದೇ. ಅವತ್ತು ಕಾಲುವೆ ಹತ್ರ ಏನು ನೋಡಿದೆ, ಅದನ್ನ ಹೇಳು."

ಇಡೀ ತರಗತಿ ಹಿಂದಿನ ಬೆಂಚಿನತ್ತ ತಿರುಗಿತು. ಉಪನ್ಯಾಸಕರು ಸಹಿ ಹಾಕದೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಹುಡುಗಿ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಮಿಸ್ಸನ್ನು ನೋಡಿದಳು. ಆಮೇಲೆ ಕಟ್ಟಿದ್ದ ಕೈಗಳನ್ನು ಮೆಲ್ಲಗೆ ಬಿಚ್ಚಿದಳು.