ಗಂಡಸಿನ ಕೈ ತಲುಪದ ಖಾತೆ

"ಅಲ್ಲ ಕಣಮ್ಮ, ಬ್ಯಾಂಕಲ್ಲಿ ಎರಡು ಲಕ್ಷದತ್ರ ಮಡಿಕ್ಕೊಂಡು ಸರ್ಕಾರದ ಅಕ್ಕಿಗೆ ಚೀಲ ಒಡ್ತೀಯಲ್ಲ, ಮಾನ ಮರ್ಯಾದೆ ಐತಾ ನಿಂಗೆ?"

ರೇಷನ್ ಕಾರ್ಡಿನ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ನಟರಾಜು ಅಷ್ಟು ಜೋರಾಗಿ ಕೂಗಿದ್ದು ಸಾಲಿನಲ್ಲಿ ನಿಂತವರಿಗೂ ಕೇಳಲಿ ಅಂತಲೇ. ಕೇಳಿತು. ಹಿಂದೆ ಯಾರೋ ಕಿಸಕ್ಕೆಂದರು. ಲತಾಮಣಿ ಕೈಗಳನ್ನು ವೇಲಿನೊಳಗೆ ಮುಚ್ಚಿಕೊಂಡಳು. ರೇಷ್ಮೆ ನೂಲು ಬಿಚ್ಚುವ ಯೂನಿಟ್ಟಿನಿಂದ ನೇರ ಓಡಿ ಬಂದಿದ್ದಳು. ಬಿಸಿನೀರಲ್ಲಿ ಗೂಡು ಆಡಿಸಿ ಆಡಿಸಿ ಬೆರಳು ಬೆಳ್ಳಗೆ ಬೆಂದುಹೋಗಿದ್ದವು, ಮೈಯೆಲ್ಲ ಸತ್ತ ಹುಳದ ನಾತ.

"ಆ ದುಡ್ಡು ನಂದಲ್ಲ ಸಾ."

"ನಿನ್ ಖಾತೆ, ನಿನ್ ಹೆಸರು, ನಿನ್ ಫೋಟೋ. ದುಡ್ಡು ಮಾತ್ರ ಊರೋರ್ದಾ? ವಯಸ್ಸಿನ ಹುಡುಗಿ, ಯಾವನು ಕೊಡ್ತಾನೆ ವಾರವಾರ ಇಷ್ಟೊಂದು?"

ಕಾರ್ಡಿನಲ್ಲಿದ್ದವರು ಇಬ್ಬರೇ, ಅವಳು ಮತ್ತು ಅವಳವ್ವ ಮುನಿಯಮ್ಮ. ಹೊಂಗನೂರಿನವರು. ಮನೆಯಲ್ಲಿ ಹದಿನೆಂಟು ತುಂಬಿದವರೆಲ್ಲ ಪಾಸ್‌ಬುಕ್ ತೋರಿಸಬೇಕು ಅಂದಿದ್ದರು. ತಂದು ತೋರಿಸಿದ್ದಳು, ಪೆದ್ದು ಹುಡುಗಿ. ಪುಟ ತಿರುಗಿಸಿದ್ದೇ ತಡ, ಕಾರ್ಡು ರದ್ದು. ಅಕ್ಕಿ ಹೋದರೆ ಹೋಗಲಿ, ಗಂಜಿ ಕುಡಿದರಾಯ್ತು. ಆದರೆ ಮುನಿಯಮ್ಮನ ಎದೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಬೆಳೆದಿತ್ತು. ಬರುವ ಮಂಗಳವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್. ಬಿಪಿಎಲ್ ಕಾರ್ಡಿದ್ದರೆ ಪುಕ್ಕಟೆ, ಇಲ್ಲದಿದ್ದರೆ ಒಂದೂವರೆ ಲಕ್ಷ ಕಟ್ಟಬೇಕು. ತಡ ಮಾಡಿದರೆ ಜೀವಕ್ಕೇ ಬರುತ್ತೆ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದರು.

ಆ ದುಡ್ಡಿನ ಕಥೆ ಹೇಳಿದರೆ ನೀವೂ ನಂಬೋದು ಕಷ್ಟ. ಚನ್ನಪಟ್ಟಣದ ಅಂಚಿನ ಆ ಯೂನಿಟ್ಟಿನಲ್ಲಿ ಅವಳೂ ಸೇರಿ ಹನ್ನೆರಡು ಹೆಂಗಸರು. ಶನಿವಾರ ಬಟವಾಡೆ. ಗೇಟಿನಾಚೆ ಗಂಡಂದಿರು ಬೀಡಿ ಸೇದುತ್ತಾ ಕಾದಿರುತ್ತಿದ್ದರು. ಬ್ಯಾಂಕಿಗೆ ಹಾಕೋಣವೆಂದರೆ ಎಟಿಎಂ ಕಾರ್ಡೂ ಅವರ ಜೇಬಿನಲ್ಲೇ. ಗಂಡಸಿನ ಕೈ ತಲುಪದ ಖಾತೆ ಅಂತ ಇದ್ದದ್ದು ಒಂದೇ, ಅಪ್ಪ ಚೆಲುವಯ್ಯ ತೀರಿಹೋಗಿ, ಇನ್ನೂ ಮದುವೆಯಾಗದ ಇಪ್ಪತ್ತರ ಲತಾಮಣಿಯದು. ಎರಡು ವರ್ಷದಿಂದ ಅಷ್ಟೂ ಜನ ಸೆರಗಿನ ಗಂಟು ಬಿಚ್ಚಿ ನೂರೋ ಇನ್ನೂರೋ ಅವಳ ಕೈಗೆ ತುರುಕುತ್ತಿದ್ದರು. ಚೀಟಿಯಿಲ್ಲ, ಸಹಿಯಿಲ್ಲ. ಯಾರದೆಷ್ಟು ಅನ್ನುವುದು ಅವಳಿಗೆ ಬಾಯಿಪಾಠ. ಅದರಲ್ಲಿ ಅವಳದು ಹದಿನೆಂಟು ಸಾವಿರ, ನರ್ಸಿಂಗ್ ಸೇರಬೇಕೆಂದು ಕೂಡಿಟ್ಟದ್ದು.

ಬೇರೆ ದಾರಿ ಕಾಣದೆ ಇದನ್ನೆಲ್ಲ ಹೇಳಿಯೇಬಿಟ್ಟಳು. ನಟರಾಜು ಕುರ್ಚಿಗೊರಗಿ ನಕ್ಕ.

"ಸರಿ, ಆ ಹನ್ನೊಂದು ಜನದ ಹೆಸರು, ಗಂಡಂದಿರ ಹೆಸರು ಬರ್ಕೊಡು. ಒಬ್ಬೊಬ್ಬರ ಮನೆಗೂ ಹೋಗಿ ಗಂಡನ ಮುಂದೇನೇ ಕೇಳ್ತೀನಿ. ನಿಜ ಆದ್ರೆ ನಿನ್ ಕಾರ್ಡು ವಾಪಸ್. ಅವರವು ಉಳೀತವಾ ನೋಡಾಣ."

"ಇವತ್ತೇ ಎಲ್ರ ದುಡ್ಡೂ ವಾಪಸ್ ಕೊಟ್ಬುಡ್ತೀನಿ ಸಾ."

"ಈಗ ತೆಗುದ್ರೆ ಏನ್ ಬಂತು? ಬಂದಿದ್ದೆಲ್ಲ ಪಾಸ್‌ಬುಕ್ಕಲ್ಲಿ ಕಾಣ್ತಾ ಇಲ್ವಾ? ಶುಕ್ರವಾರ ಬಾ. ಹೆಸ್ರಿಲ್ದೆ ಬರ್‌ಬೇಡ."

ಮಾರನೇ ದಿನ ಮಧ್ಯಾಹ್ನ ಎಲ್ಲರೂ ಮುದ್ದೆ ಡಬ್ಬಿ ಬಿಚ್ಚಿದಾಗ ಹೇಳಿದಳು. ಡಬ್ಬಿಗಳು ಹಾಗೇ ಉಳಿದವು. ಮೊದಲು ಬಾಯಿ ಬಿಟ್ಟವಳು ಪಕ್ಕದ ಬಿಸಿನೀರ ಬೇಸಿನ್ನಿನ ನಿಖಾತ್.

"ದುಡ್ಡು ಎತ್ತು ಲತಾ, ನಿಮ್ಮಮ್ಮನಿಗೆ ಕಟ್ಟು. ನಂದು ಹದಿನಾರು ಸಾವಿರ ಐತಲ್ಲ, ಬಿಟ್ಟೆ ನಾನು. ನಮ್ ಮಗಳು ಜಾರಾ ಮದುವೆ ಒಂದು ವರ್ಷ ಮುಂದಕ್ಕೆ ಹೋದ್ರೆ ಹೋಗ್ಲಿ."

ಉಳಿದವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪುಟ್ಟಲಕ್ಷ್ಮಮ್ಮ ತನ್ನ ಡಬ್ಬಿಯನ್ನೇ ನೋಡುತ್ತಿದ್ದಳು. ಅವಳ ಗಂಡ ಕೆಂಪಯ್ಯ ಹೋದ ವರ್ಷ ಕುಡಿದು ಬಂದು ಅವಳ ಕೈ ಮುರಿದಿದ್ದ. ಮಕ್ಕಳನ್ನು ಕರಕೊಂಡು ಬೇರೆ ಮನೆ ಮಾಡಬೇಕೆಂದು ಕೂಡಿಡುತ್ತಿದ್ದ ದುಡ್ಡು ಅವಳದು.

"ನಂದೂ ತಗೋ ಮಗಾ," ಅಂದಳು ಕೊನೆಗೆ, ಪಿಸುದನಿಯಲ್ಲಿ. "ಎಸ್ರು ಮಾತ್ರ ಬರೀಬ್ಯಾಡ ಕಣವ್ವ. ಅವನಿಗೆ ಗೊತ್ತಾದ್ರೆ ನನ್ನ ಊತಾಕ್ಬುಡ್ತಾನೆ."

ಆ ದನಿ ಕೇಳಿದ ಮೇಲೆ ಆ ದುಡ್ಡು ಮುಟ್ಟುವುದು ಹೇಗೆ? ಮುಟ್ಟಿದರೂ ಮೂವರದು ಸೇರಿ ಒಂದೂವರೆ ಲಕ್ಷದ ಅರ್ಧವೂ ಆಗದು.

ಶುಕ್ರವಾರ ಮುನಿಯಮ್ಮನೂ ಹಟ ಮಾಡಿ ಹೊರಟಳು, ಆಸ್ಪತ್ರೆಯ ಕಾಗದಗಳ ಪ್ಲಾಸ್ಟಿಕ್ ಕವರು ಅವುಚಿಕೊಂಡು. ನಟರಾಜು ಅವಳ ಮುಖ ಕೂಡ ನೋಡದೆ ಬಿಳಿ ಹಾಳೆ ತಳ್ಳಿದ.

"ಬರಿ."

ಲತಾಮಣಿ ಬರೆದಳು. ಹೌದು, ಬರೆದಳು. ಅವಳಿಗೆ ಅವ್ವ ಬೇಕಿತ್ತು, ಮಿಕ್ಕ ಪ್ರಪಂಚ ಹಾಳುಬಿದ್ದು ಹೋಗಲಿ. ಮೂಗು ಸೋರುತ್ತಿತ್ತು, ಆದರೂ ಮೊದಲನೇ ಹೆಸರು ಬರೆದಳು.

"ಯಾರ್ದು ಮಗಾ ಅದು?" ಓದು ಬಾರದ ಮುನಿಯಮ್ಮ ಬಗ್ಗಿ ಕೇಳಿದಳು.

"ಪುಟ್ಟಲಕ್ಷ್ಮಕ್ಕಂದು."

ಮುನಿಯಮ್ಮ ಹಾಳೆಯ ಮೇಲೆ ಅಂಗೈ ಊರಿದಳು.

"ಕೈ ತಗಿಯವ್ವ."

"ಆ ಬೋಳಿಮಗ ಅವ್ಳ್ನ ಸಾಯಿಸ್ಬುಡ್ತಾನೆ ಕಣೇ."

"ನೀನು ಸತ್ತೋಯ್ತೀಯಲ್ಲವ್ವ! ಆಮ್ಯಾಕೆ ನಂಗ್ಯಾರವ್ವ ಅವ್ರೆ?"

ಮುನಿಯಮ್ಮ ಕೈ ತೆಗೆಯಲಿಲ್ಲ. "ನಂಗೇನ್ ಸಾಯಾಕೆ ಆಸೆನಾ, ಮುಂಡೇದೆ? ರಾತ್ರಿಯೆಲ್ಲ ಎದುರ್ಕೊಂಡು ಮನಿಕ್ಕಂಡಿರ್ತೀನಿ. ಅಂಗಂತ ಅವ್ಳ ಎಣ ತುಳ್ಕಂಡು ಓಗಿ ಆ ಆಸ್ಪತ್ರೆ ಮಂಚ ಅತ್ತು ಅಂತೀಯಾ? ನನ್ ಕೈಲಾಗಕಿಲ್ಲ."

"ಏನ್ರೀ ನಾಟಕ ಇಲ್ಲಿ?" ನಟರಾಜು ಮೇಜು ಗುದ್ದಿದ. "ಬರೀರಿ, ಇಲ್ಲ ಎದ್ದು ನಡೀರಿ."

ಆ ಗಳಿಗೆಯಲ್ಲಿ ಲತಾಮಣಿಗೆ ಹೆತ್ತವ್ವನ ಮೇಲೆ ಎಂಥ ಸಿಟ್ಟು ಬಂತೆಂದರೆ ಆ ಕೈಯನ್ನು ಕಚ್ಚಿಬಿಡಬೇಕು ಅನ್ನಿಸಿತು. ಕಚ್ಚಲಿಲ್ಲ. ಹಾಳೆ ಎಳೆದುಕೊಂಡು ಬರೆದ ಹೆಸರಿನ ಮೇಲೆ ಗೀಚಿದಳು, ಹಾಳೆ ಹರಿದು ಮೇಜಿಗೆ ಪೆನ್ನು ತಾಗುವವರೆಗೆ ಗೀಚಿದಳು.

"ಅಷ್ಟೂ ದುಡ್ಡು ನಂದೇ ಸಾ. ಬರ್ಕಳಿ."

"ಮೊನ್ನೆ ಬೇರೆ ಹೇಳ್ದೆ?"

"ಸುಳ್ ಯೋಳ್ದೆ. ಇನ್ಯಾವ ಮುಂಡೇಮಗ ಬಂದು ಕೇಳಿದ್ರೂ ನಂದೇ. ಅಲ್ಲಿ ಬ್ಯಾರೆ ಯಾರ ಎಸ್ರೂ ಇಲ್ಲ."

ನಟರಾಜು ಕಾರ್ಡು ರದ್ದು ಅಂತ ಬರೆದ. ಕಾಗದಕ್ಕೆ ಸೀಲು ಒತ್ತಿ ಮುಂದಿನವರನ್ನು ಕರೆದ.

ಮಂಗಳವಾರ ಮುನಿಯಮ್ಮ ಮಗಳ ಜೊತೆ ಯೂನಿಟ್ಟಿಗೆ ಬಂದು ಖಾಲಿಯಿದ್ದ ಬೇಸಿನ್ನಿನ ಮುಂದೆ ಕೂತಳು. ಇನ್ನು ಅಕ್ಕಿ ಕೊಳ್ಳಬೇಕಲ್ಲ. ಹತ್ತು ಗಂಟೆ ಹೊತ್ತಿಗೆ ಫೋನು ಹೊಡೆದುಕೊಂಡಿತು. ಲತಾಮಣಿ ಒದ್ದೆ ಕೈಯಲ್ಲೇ ಎತ್ತಿದಳು.

"ಮುನಿಯಮ್ಮನ ಕಡೆಯವರಾ? ಆಸ್ಪತ್ರೆಯಿಂದ. ಇನ್ನೂ ಬಂದೇ ಇಲ್ವಲ್ಲ, ಕಾರ್ಡ್ ತಗೊಂಡು ಹೊರಟಿದೀರಾ?"

"ಆಸ್ಪತ್ರೆಯೋರು ಕಣವ್ವ, ಒಂಟಿದೀರಾ ಅಂತ ಕೇಳ್ತಾವ್ರೆ," ಅಂದಳು ಲತಾಮಣಿ, ಫೋನು ಎದೆಗೊತ್ತಿ. ನಿಖಾತ್ ಕೈ ನಿಲ್ಲಿಸಿದಳು. ಪುಟ್ಟಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹನ್ನೊಂದು ಜನರೂ ಮುನಿಯಮ್ಮನ ಕಡೆ ನೋಡುತ್ತಿದ್ದರು.

ಮುನಿಯಮ್ಮ ಎಡಗೈಯಲ್ಲಿ ಎದೆ ಒತ್ತಿ ಹಿಡಿದು, ಬಲಗೈಯಲ್ಲಿ ಬಿಸಿನೀರೊಳಗೆ ಎಳೆ ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ.

"ಬರಕಿಲ್ಲ ಅನ್ನು ಮಗಾ. ಬಿರ್‌ಬಿರ್ನೆ ಯೋಳು. ಆ ಮಂಚಕ್ಕೆ ಇನ್ಯಾವಳೋ ಕಾಯ್ತಾ ಕುಂತಿರ್ತಾಳೆ."