ಮಿಂಚಳಿಲಿನ ಒಳಗಿನವಳು

ಮಿಂಚಳಿಲಿನ ಹೊಟ್ಟೆಯೊಳಗೆ ಒಬ್ಬ ಮನುಷ್ಯ ಇದ್ದಾನೆ ಅಂತ ಮಕ್ಕಳಿಗೆ ಗೊತ್ತಾದರೆ ಅಲ್ಲಿಗೆ ಆಟ ಮುಗಿಯಿತು. ಈ ಮಾತನ್ನು ಅಣ್ಣ ಎಷ್ಟು ಸಲ ಹೇಳಿದ್ದನೋ, ಮನೆಯ ಗೋಡೆಗಳಿಗೂ ಬಾಯಿಪಾಠ ಆಗಿರಬೇಕು. ಮಾತಾಡಬಾರದು, ಕೆಮ್ಮಬಾರದು, ಆಕಾಶವೇ ಕಳಚಿಬಿದ್ದರೂ ಮಕ್ಕಳೆದುರು ತಲೆ ತೆಗೆಯಬಾರದು. ತಲೆ ಅಂದರೆ ವೇಷದ ತಲೆ, ಮತ್ತೆ. ದೊಡ್ಡ ಮಾಲಿನ ಮೇಲಂತಸ್ತಿನ ಆಟಿಕೆ ಅಂಗಡಿಯಲ್ಲಿ ಆ ವೇಷ ಹಾಕಿಕೊಂಡು ವರ್ಷಗಟ್ಟಲೆ ಕುಣಿದವನು ಅವನು. ಒಂದು ಮಗುವಿಗೂ ತನ್ನ ಕೆಮ್ಮು ಕೇಳಿಸಿಲ್ಲ ಅಂತ ಹೇಳಿಕೊಳ್ಳುವಾಗ ಅವನಿಗೆ ಒಂದು ಕೋಡು ಜಾಸ್ತಿ ಬಂದಿರುತ್ತಿತ್ತು.

ಮಿಂಚಳಿಲು ಗೊತ್ತಿಲ್ಲದ ಪುಣ್ಯವಂತರಿಗೆ ಹೇಳಿಬಿಡುತ್ತೇನೆ. ಮಕ್ಕಳು ಮೊಬೈಲಿನಲ್ಲಿ ಆಡುವ ಒಂದು ಆಟ ಇದೆ. ಕಾಡುಮೇಡು ಸುತ್ತಿ ವಿಚಿತ್ರ ಪ್ರಾಣಿಗಳನ್ನು ಹಿಡಿಯೋದು, ಸಾಕೋದು, ಒಂದಕ್ಕೊಂದು ಕಾದಾಡಿಸೋದು. ಅದರಲ್ಲಿ ಮಿಂಚಳಿಲು ಅಂದರೆ ಎಲ್ಲರಿಗೂ ಮುದ್ದು. ಬೂದು ಮೈ, ಮಣಿಕಟ್ಟಿನಿಂದ ಸೊಂಟದವರೆಗೆ ಕೊಡೆಯ ಬಟ್ಟೆಯಂತೆ ಬಿಚ್ಚಿಕೊಳ್ಳುವ ಹಳದಿ ಚರ್ಮ. ಮರದಿಂದ ಮರಕ್ಕೆ ತೇಲುತ್ತಾ ಹೋಗಿ ಬಾಲದಿಂದ ಚಟ್ ಅಂತ ಕರೆಂಟು ಹೊಡೆಯುತ್ತೆ. ಸೋತರೆ ಚಾರ್ಜ್ ಮುಗಿದು ದೊಪ್ಪನೆ ಬೀಳುತ್ತೆ. ಆಗ ಅದರ ಹೊಟ್ಟೆಯ ಮೇಲೆ ಬೆರಳು ಉಜ್ಜಿದರೆ ಸಾಕು, ಮತ್ತೆ ಎದ್ದು ಕೂರುತ್ತೆ. ಆ ಆಟದಲ್ಲಿ ಯಾರೂ ಸಾಯೋದಿಲ್ಲ.

ಒಂದು ದಿನ ಕುಣಿಯುತ್ತಿದ್ದಾಗ ಅಣ್ಣನ ಮಂಡಿ ಕೈಕೊಟ್ಟಿತು. ವೇಷದೊಳಗೇ ಕುಸಿದುಬಿದ್ದ. ಮಕ್ಕಳು ಚಾರ್ಜ್ ಮುಗಿಯಿತು ಅಂತ ಕೂಗುತ್ತಾ ಓಡಿಬಂದು, ಅಂಗೈ ಉಜ್ಜಿ ಉಜ್ಜಿ ಅವನ ಹೊಟ್ಟೆಯ ಮೇಲೆ ಇಟ್ಟವು. ಇವನು ಹಲ್ಲುಕಚ್ಚಿ ನೋವು ನುಂಗಿ ಎದ್ದು ಎರಡೂ ಕೈ ಅಗಲಿಸಿದ. ಚಪ್ಪಾಳೆ ಅಂದರೆ ಚಪ್ಪಾಳೆ! ಅಂಗಡಿಯ ಮ್ಯಾನೇಜರ್ ಬಂದು ಮಂಡಿ ಹೇಗಿದೆ ಅಂತ ಕೇಳಲಿಲ್ಲ, ಇದನ್ನು ದಿನಾ ಮಾಡು ಅಂದ. ಹಾಗೆ ಆ ಬೀಳುವ ಐಟಂ ಹುಟ್ಟಿಕೊಂಡಿತು. ಐಟಂ ಉಳಿಯಿತು, ಮಂಡಿ ಉಳಿಯಲಿಲ್ಲ.

ಮಂಡಿ ಹೋದಮೇಲೆ ಅಣ್ಣ ಮೈಕು ಹಿಡಿದು ಪಕ್ಕದಲ್ಲಿ ನಿಲ್ಲುವವನಾದ. ವೇಷಕ್ಕೆ ಕುಳ್ಳಗಿನವರು ಯಾರಾದರೂ ಬೇಕಿತ್ತು. ತಂಗಿ ಕೆಲಸ ಮಾಡುತ್ತಿದ್ದ ಟೈಲರ್ ಅಂಗಡಿ ಆಗಷ್ಟೇ ಬಾಗಿಲು ಹಾಕಿತ್ತು. ಹೊರಗಿನವರಿಗೆ ಯಾಕೆ ಬಿಟ್ಟುಕೊಡೋದು ಅಂತ ಅವಳನ್ನೇ ಕರೆದ.

ಆ ಹುಡುಗಿಯನ್ನು ಸುಮ್ಮನಿರಿಸುವುದು ಅಂದರೆ! ಅವಳಿಗೆ ಮನೆಯಲ್ಲಿ ರೇಡಿಯೊ ಅಂತಲೇ ಹೆಸರು. ಹಲ್ಲುಜ್ಜುವಾಗಲೂ ಮಾತು, ನಿದ್ದೆಯಲ್ಲೂ ಮಾತು. ಚಿಕ್ಕವಳಿದ್ದಾಗ ಅಣ್ಣನನ್ನು ಹೆದರಿಸಲು ಸತ್ತವಳ ಹಾಗೆ ಬಿದ್ದುಕೊಳ್ಳುತ್ತಿದ್ದಳು. ಆದರೆ ಬಾಯಿ ತಡೆಯಬೇಕಲ್ಲ, ಅವನು ಹತ್ತಿರ ಬರುವಷ್ಟರಲ್ಲಿ ಕಿಸಕ್ಕನೆ ನಕ್ಕುಬಿಡುತ್ತಿದ್ದಳು. ಅಂಥವಳಿಗೆ ಅಣ್ಣ ಅಡುಗೆಮನೆಯಲ್ಲಿ ವೇಷದ ತಲೆ ಹಾಕಿಸಿ ಪಾಠ ಶುರುಮಾಡಿದ. ಚಿವುಟಿದ, ಕಚಗುಳಿ ಇಟ್ಟ, ಅವಳು ಮೊದಲ ಸಲ ಮಾಡಿದ್ದ ಸಾರಿನ ಮಾನ ಕಳೆದ. ಮೊದಮೊದಲು ಆ ತಲೆಯೊಳಗಿಂದ ಬೈಗುಳದ ಮಳೆಯೇ ಸುರಿಯುತ್ತಿತ್ತು. ಆಮೇಲಾಮೇಲೆ ಏನು ಮಾಡಿದರೂ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ಅವನನ್ನೇ ಮೀರಿಸಿದಳು. ಅವನಿಗೆ ಹಿಗ್ಗೋ ಹಿಗ್ಗು.

ಅಮ್ಮನಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತೀಯಲ್ಲೋ ಅಂತ ಗೊಣಗಿದಳು. ಒಳಗೆ ಗಾಳಿ ಇರುತ್ತಾ ಅಂತ ಕೇಳಿದಳು. ತಲೆಯೊಳಗೆ ಫ್ಯಾನ್ ಇದೆ, ಪಕ್ಕದಲ್ಲಿ ನಾನಿದ್ದೀನಿ, ಇನ್ನೇನು ಬೇಕು ಅಂದ ಅಣ್ಣ. ಹೇಗೆ ಕರೆದುಕೊಂಡು ಹೋಗುತ್ತೀಯೋ ಹಾಗೇ ವಾಪಸ್ಸು ತಂದುಬಿಡಬೇಕು ಅಂತ ಅಮ್ಮ ಮಾತು ತೆಗೆದುಕೊಂಡಳು. ಅವನು ನಗುತ್ತಲೇ ಮಾತು ಕೊಟ್ಟ.

ಪಕ್ಕದಲ್ಲಿ ಒಬ್ಬರು ಇರಲೇಬೇಕಿತ್ತು. ಒಳಗಿದ್ದವರಿಗೆ ಕಾಣುವುದು ಅಳಿಲಿನ ಬಾಯಿಯ ಜಾಲರಿಯಿಂದ ಮಾತ್ರ, ಕಾಲಡಿ ಏನೂ ಕಾಣದು. ಕೈಗವಸಿಗೆ ಬೆರಳುಗಳಿಲ್ಲ, ಬರೀ ದಪ್ಪ ಪಂಜ. ಹಿಂದೊಮ್ಮೆ ಯಾವನೋ ಪುಂಡ ತಲೆ ಹಿಡಿದು ಎಳೆದಾಗಿನಿಂದ ಅಣ್ಣನೇ ಕತ್ತಿನ ಹಿಂದೆ ಕೊಕ್ಕೆ ಹಾಕಿಸಿದ್ದ. ಅದನ್ನು ಹೊರಗಿನವರೇ ಬಿಚ್ಚಬೇಕು. ಮಾತಾಡುವಂತಿಲ್ಲವಲ್ಲ, ಅದಕ್ಕೆ ಅಣ್ಣತಂಗಿ ಕೈಯಲ್ಲೇ ಒಂದು ಭಾಷೆ ಮಾಡಿಕೊಂಡಿದ್ದರು. ಅವಳು ಎರಡು ಸಲ ಅವನ ಕೈ ಅಮುಕಿದರೆ ಒಳಗೆ ಕರೆದುಕೊಂಡು ಹೋಗು ಅಂತ. ಅವನು ಒಂದು ಸಲ ಉದ್ದಕ್ಕೆ ಅಮುಕಿದರೆ ತಾಳು ಅಂತ. ಬೀಳುವ ಐಟಂನಲ್ಲಿ ಅವನು ಮೆಲ್ಲಗೆ ಚಿಟಿಕೆ ಹೊಡೆದ ಹಾಗೆ ಒತ್ತಿದರೆ ಏಳು ಅಂತ.

ಆಟದ ಹೊಸ ಭಾಗ ಬಿಡುಗಡೆಯಾದ ದಿನ ಮಾಲಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಏಸಿ ಇತ್ತೋ ಇಲ್ಲವೋ ದೇವರೇ ಬಲ್ಲ, ಅಂಗಿ ಹಾಕಿಕೊಂಡು ನಿಂತವರಿಗೇ ಬೆನ್ನು ಒದ್ದೆಯಾಗುತ್ತಿತ್ತು. ಮ್ಯಾನೇಜರ್ ಆ ವಾರವಷ್ಟೇ ಬಾಲಕ್ಕೆ ಹೊಸ ದೀಪ ಕೂರಿಸಿದ್ದ. ಕಣ್ಣು ಕೋರೈಸುವಂಥ ದೀಪ, ಅದರ ಗುಂಡಿ ಅಣ್ಣನ ಜೇಬಿನಲ್ಲಿ. ಬಾಲಕ್ಕೂ ತಲೆಯ ಫ್ಯಾನಿಗೂ ಬ್ಯಾಟರಿ ಒಂದೇ. ಬಾಲ ಹೊಳೆದಾಗಲೆಲ್ಲ ಫ್ಯಾನ್ ಕುಂಟುತ್ತೆ ಅಂತ ತಂಗಿ ಬೆಳಿಗ್ಗೆಯೇ ಹೇಳಿದ್ದಳು. ಅಣ್ಣ ಹೋಗಿ ಮ್ಯಾನೇಜರ್ ಕಿವಿಗೆ ಹಾಕಿದ್ದ. ಇವತ್ತೊಂದು ದಿನ ಹೇಗಾದರೂ ಸುಧಾರಿಸಿ, ನಾಳೆ ಬೇರೆ ಬ್ಯಾಟರಿ ಹಾಕಿಸೋಣ ಅಂದಿದ್ದ ಆ ಮಹಾನುಭಾವ. ಆಗಲಿ ಅಂತ ಇವನೂ ತಲೆಯಾಡಿಸಿ ಬಂದಿದ್ದ.

ಮೊದಲ ಆಟ ಮುಗಿದಾಗ ತಂಗಿ ಹಿಂದಿನ ಓಣಿಯಲ್ಲಿ ರಟ್ಟಿನ ಡಬ್ಬದ ಮೇಲೆ ಕೂತು ಗಟಗಟ ನೀರು ಕುಡಿದಳು. ಮುಖ ಕೆಂಡದಂತೆ ಕೆಂಪಾಗಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. ಒಂದು ಮಗು ತನ್ನ ಬಾಲಕ್ಕೆ ಬಿಸ್ಕತ್ತು ತಿನ್ನಿಸಲು ನೋಡಿದ್ದನ್ನು ಹೇಳಿ ನಕ್ಕಳು. ಇನ್ನೊಂದು ಆಟ ಆಗುತ್ತಾ ಅಂತ ಅಣ್ಣ ಕೇಳಿದ. ಆಗದೇ ಏನು ಅಂದಳು. ಅವನು ತಲೆ ಕೂರಿಸಿ ಕೊಕ್ಕೆ ಹಾಕಿದ.

ಎರಡನೆಯ ಆಟದ ಅರ್ಧಕ್ಕೆ ಅವಳು ಅವನ ಕೈ ಅಮುಕಿದಳು, ಎರಡು ಸಲ. ಅವನಿಗೆ ಚೆನ್ನಾಗಿಯೇ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಸುಳ್ಳು ಹೇಳುವ ಹಾಗಿಲ್ಲ. ಆದರೆ ಮುಂದೆ ಮಕ್ಕಳ ಸಾಲಿತ್ತು, ಬೆಳಿಗ್ಗೆಯಿಂದ ಕಾದಿದ್ದ ಪುಟ್ಟ ಹುಡುಗಿಯೊಬ್ಬಳು ಆಗಲೇ ಎರಡೂ ತೋಳು ಚಾಚಿದ್ದಳು. ಇದೊಂದು ಆಗಿಬಿಡಲಿ ಅಂತ ಅವನು ಉದ್ದಕ್ಕೆ ಅಮುಕಿದ. ಮಿಂಚಳಿಲು ಆ ಹುಡುಗಿಯನ್ನು ಅಪ್ಪಿಕೊಂಡಿತು. ಅವಳ ಹಿಂದೆ ಇನ್ನೊಂದು ಮಗು, ಅದರ ಹಿಂದೆ ಮತ್ತೊಂದು. ತಂಗಿ ಇನ್ನೊಮ್ಮೆ ಎರಡು ಸಲ ಅಮುಕಿದಳು. ಈ ಸಲ ಒತ್ತು ಮೆತ್ತಗಿತ್ತು. ಅಷ್ಟರಲ್ಲಿ ಮ್ಯಾನೇಜರ್ ದೂರದಿಂದ ಬಾಲ ಬಾಲ ಅಂತ ಕೈಸನ್ನೆ ಮಾಡಿದ. ಅಣ್ಣ ಅವಳಿಗೆ ತಾಳು ಅಂತ ಒತ್ತಿ, ಇನ್ನೊಂದು ಕೈಯಿಂದ ಜೇಬಿನ ಗುಂಡಿ ಒತ್ತಿ ಹಿಡಿದ.

ಬಾಲ ಧಗ್ಗನೆ ಹೊಳೆಯಿತು. ಮಕ್ಕಳು ಕಿವಿ ತೂತಾಗುವ ಹಾಗೆ ಕಿರುಚಿದವು. ಮಿಂಚಳಿಲು ಒಮ್ಮೆ ತೂಗಾಡಿ ದೊಪ್ಪನೆ ಬಿತ್ತು.

ಅಯ್ಯೋ, ಆಗ ಅವನಿಗೆ ಏನನ್ನಿಸಿತು ಗೊತ್ತೇ? ಸಮಾಧಾನ ಆಯಿತು. ಬೇಗ ಮುಗಿಸಲಿ ಅಂತ ಇವಳೇ ಬೀಳುವ ಐಟಂ ಮುಂಚಿತವಾಗಿ ಶುರುಮಾಡಿದಳು, ಜಾಣೆ ಅಂದುಕೊಂಡ. ಮಿಂಚಳಿಲಿಗೆ ಚಾರ್ಜ್ ಮುಗಿಯಿತು, ಯಾರು ಚಾರ್ಜ್ ಮಾಡುತ್ತೀರಿ ಅಂತ ಮೈಕಿನಲ್ಲಿ ದಿನದ ಹಾಗೇ ಕೂಗಿದ. ಮಕ್ಕಳು ಅಂಗೈ ಉಜ್ಜುತ್ತಾ ಸುತ್ತ ಮುತ್ತಿಕೊಂಡವು. ಅವನು ಕುಂಟುತ್ತಾ ಬಗ್ಗಿ ಪಂಜ ಹಿಡಿದು ಮೆಲ್ಲಗೆ ಒತ್ತಿದ. ಅವಳು ಏಳಲಿಲ್ಲ. ಮತ್ತೆ ಒತ್ತಿದ. ಹಳೇ ಚೇಷ್ಟೆ ಇರಬೇಕು ಅಂತ ಆ ಕಿಸಕ್ಕನೆ ನಗು ಬರುವುದನ್ನೇ ಕಾದ.

ಹೊಟ್ಟೆಯ ಮೇಲೆ ಕೈಯಿಟ್ಟಿದ್ದ ಪುಟ್ಟ ಹುಡುಗಿ ಸಂಭ್ರಮದಿಂದ ಅವನತ್ತ ತಿರುಗಿದಳು. "ಅಂಕಲ್, ಚಾರ್ಜ್ ಆಗ್ತಿದೆ. ಬಿಸಿ ಬಿಸಿ ಇದೆ."

ಅವನ ಕೈ ತಾನಾಗಿ ಕತ್ತಿನ ಹಿಂದಿನ ಕೊಕ್ಕೆಗೆ ಹೋಯಿತು. ಒಂದು ಕೊಕ್ಕೆ ಬಿಚ್ಚಿತು ಕೂಡ. ಕಣ್ಣೆತ್ತಿದರೆ ಸುತ್ತ ಮಕ್ಕಳ ಮುಖ, ಒಂದೊಂದೂ ಇನ್ನೇನು ಎದ್ದೀತು ಅಂತ ಅರಳಿ ನಿಂತಿದೆ. ಅವನು ಬಿಚ್ಚಿದ ಕೊಕ್ಕೆಯನ್ನು ಮತ್ತೆ ಹಾಕಿದ. ಯಾಕೆ ಹಾಕಿದೆಯೋ ಪಾಪಿ? ಬುದ್ಧಿ ಹಾಕಿದ್ದಲ್ಲ ಅದು, ಅಷ್ಟು ವರ್ಷದ ಅಭ್ಯಾಸ ಹಾಕಿದ್ದು.

ತಂಗಿಯನ್ನು ವೇಷದ ಸಮೇತ ಎತ್ತಿ ಹೆಗಲಿಗೆ ಒರಗಿಸಿಕೊಂಡ. ಇವತ್ತು ತುಂಬಾ ಸುಸ್ತಾಗಿದೆ, ಗೂಡಿನಲ್ಲಿ ಮಲಗಿ ಚಾರ್ಜ್ ಆಗುತ್ತೆ ಅಂತ ಮಕ್ಕಳಿಗೆ ಹೇಳಿದ. ಹೇಳಿ ಅವಳ ಪಂಜ ಹಿಡಿದು ಟಾಟಾ ಮಾಡಿಸಿದ. ಮಕ್ಕಳೆಲ್ಲ ಟಾಟಾ ಮಾಡಿದವು. ಹಳದಿ ಚರ್ಮ ನೆಲ ಗುಡಿಸುತ್ತಿತ್ತು. ಗುಂಪಿನ ನಡುವೆ ಒಬ್ಬ ಅಪ್ಪ ಮಗುವನ್ನು ಎತ್ತಿಕೊಂಡು ಅಡ್ಡ ಬಂದು, ಒಂದೇ ಒಂದು ಫೋಟೊ ಅಂದ. ಅಣ್ಣನ ಕಾಲು ನಿಂತಿತು. ಆ ಸುಡುವ ಮೈಯನ್ನು ಹೆಗಲ ಮೇಲೆ ಹೊತ್ತುಕೊಂಡು, ಕ್ಯಾಮೆರಾ ನೋಡಿ, ಅವನು ನಕ್ಕ.

ಹಿಂದಿನ ಓಣಿಯ ಬಾಗಿಲು ಮುಚ್ಚಿದ ಮೇಲೆ ಕೊಕ್ಕೆಗಳನ್ನು ಬಿಚ್ಚಲಿಲ್ಲ, ಕಿತ್ತ. ಫ್ಯಾನ್ ತಿರುಗುತ್ತಿರಲಿಲ್ಲ. ಕೂದಲು ಹಣೆಗೆ ಅಂಟಿತ್ತು, ಕಣ್ಣು ಅರ್ಧ ತೆರೆದಿತ್ತು, ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ. ಬಾಟಲಿಯ ನೀರೆಲ್ಲ ಮುಖಕ್ಕೆ ಸುರಿದ, ಕೆನ್ನೆ ತಟ್ಟಿದ. ನೆಲ ಒರೆಸುತ್ತಿದ್ದ ಹೆಂಗಸು ಬಕೆಟ್ಟು ಬಿಟ್ಟು ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದಳು. "ಮಾತಾಡೇ," ಅಂದ ಅವನು. "ಇಲ್ಲಿ ಮಕ್ಕಳಿಲ್ಲ. ಈಗ ಮಾತಾಡಬಹುದು ಕಣೇ."

ಆಸ್ಪತ್ರೆಗೆ ತಲುಪುವ ಮುಂಚೆಯೇ ಅವಳು ಹೋಗಿಬಿಟ್ಟಿದ್ದಳು. ಮೈಯ ಕಾವು ಮಿತಿಮೀರಿತ್ತು, ಇನ್ನೊಂದಿಷ್ಟು ಮುಂಚೆ ಗಾಳಿಗೆ ತಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು. ಒಂದಿಷ್ಟು ಅಂದರೆ ಎಷ್ಟು ಅಂತ ಅಣ್ಣ ಕೇಳಲಿಲ್ಲ. ಮ್ಯಾನೇಜರ್ ಬಂದು ಹೆಗಲ ಮೇಲೆ ಕೈಯಿಟ್ಟು, ಮಕ್ಕಳಿಗೆ ಏನೂ ಗೊತ್ತಾಗದ ಹಾಗೆ ನೀನು ನೋಡಿಕೊಂಡೆಯಲ್ಲ, ಅದು ದೊಡ್ಡದು ಕಣಪ್ಪ ಅಂದ. ಅಣ್ಣ ಆ ಕೈಯನ್ನು ಎತ್ತಿ ಪಕ್ಕಕ್ಕೆ ಬಿಟ್ಟ.

ಎಲ್ಲ ಮುಗಿಸಿ ಬಂದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಅಮ್ಮ ಬೈಯಲಿಲ್ಲ, ಕೊಟ್ಟ ಮಾತನ್ನು ನೆನಪಿಸಲಿಲ್ಲ. ಅವನ ಮುಖ ನೋಡದೆ ಕೇಳಿದಳು.

"ಅಷ್ಟೊಂದು ಮಾತಾಡೋ ಹುಡುಗಿ. ಅಷ್ಟು ಸಂಕಟ ಆಗುವಾಗ ಒಂದು ಸಲನೂ ನಿನ್ನ ಕರೀಲಿಲ್ವಾ?"

ಅವನು ತನ್ನ ಬಲಗೈಯನ್ನು ನೋಡಿಕೊಂಡ.

"ಕರೆದಳಮ್ಮ," ಅಂದ. "ಎರಡು ಸಲ ಕರೆದಳು. ನಾನು ತಾಳು ಅಂದೆ."