ಮೇಷ್ಟ್ರ ಕೂದಲಿಗೊಂದು ಪ್ರಾರ್ಥನೆ

ಭಕ್ತಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಕ್ಷೌರ ಅವನ ಕಸುಬು. ಒಂದು ಕಾಲದಲ್ಲಿ ಸಂಜೆಯಾದರೆ ಸಾಕು, ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಟಲಿ, ಇಸ್ಪೀಟು. ಬಾಯಿ ತೆರೆದರೆ ಬೈಗುಳ. ಆಮೇಲೆ ಯೇಸುವನ್ನು ನಂಬಿದ, ಚರ್ಚಿನ ಸಭೆಗೆ ಸೇರಿದ, ಮೂರನ್ನೂ ಬಿಟ್ಟ. ಬಿಟ್ಟವನು ಸುಮ್ಮನಿದ್ದನೇ? ಬಿಟ್ಟ ಕಥೆಯನ್ನು ಕುರ್ಚಿಯಲ್ಲಿ ಕೂತವರಿಗೆಲ್ಲ ಹೇಳಿದ. ಮುಖದ ತುಂಬ ಸೋಪು ಹಚ್ಚಿಸಿಕೊಂಡು ಕೂತವನು ಎದ್ದು ಹೋಗುವುದಾದರೂ ಎಲ್ಲಿಗೆ? ಹೀಗಾಗಿ ಅವನ ಈ ಸಾಕ್ಷಿಕಥೆ ಇಡೀ ಬೀದಿಗೆ ಬಾಯಿಪಾಠವಾಗಿತ್ತು.

ಅವನ ಭಕ್ತಿ ಸುಳ್ಳಾಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ದಿನಾ ಮೊಣಕಾಲೂರಿ ಪ್ರಾರ್ಥಿಸಿದ ಮೇಲೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಹಾಸಿಗೆ ಹಿಡಿದವರಿದ್ದರೆ ಮನೆಗೇ ಹೋಗಿ ಕ್ಷೌರ ಮಾಡಿ ಬರುತ್ತಿದ್ದ, ಕಾಸು ಕೇಳುತ್ತಿರಲಿಲ್ಲ. ಆದರೆ ಹಳೆಯ ಚಟಗಳಲ್ಲಿ ಒಂದು ಮಾತ್ರ ಅವನ ಹಿಂದೆಯೇ ಸಭೆಯೊಳಕ್ಕೆ ಬಂದು, ಭಾನುವಾರದ ಬಟ್ಟೆ ಹಾಕಿಕೊಂಡು, ಮುಂದಿನ ಬೆಂಚಿನಲ್ಲೇ ಕೂತುಬಿಟ್ಟಿತ್ತು. ಅದು ಊರಿನ ಸುದ್ದಿ ಹೇಳುವ ಚಟ.

ಅದನ್ನು ಅವನು ಚಟವೆಂದು ತಿಳಿದಿರಲೇ ಇಲ್ಲ. ಬುಧವಾರ ಸಂಜೆ ಸಭೆಯ ಹಿಂದಿನ ಕೋಣೆಯಲ್ಲಿ ಪ್ರಾರ್ಥನಾಕೂಟ ಸೇರುತ್ತದೆ. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು, ಯಾರಿಗಾಗಿ ಏನನ್ನು ಬೇಡಬೇಕೆಂದು ಒಬ್ಬೊಬ್ಬರೂ ಹೇಳುತ್ತಾರೆ. ಮಿಕ್ಕವರು ಮಂಡಿನೋವು, ಮಗಳ ಪರೀಕ್ಷೆ ಎಂದು ಒಂದೊಂದು ಮಾತಿನಲ್ಲಿ ಮುಗಿಸಿದರೆ, ಭಕ್ತಣ್ಣನ ಹತ್ತಿರ ವಾರವೆಲ್ಲ ಕುರ್ಚಿಯಲ್ಲಿ ಕೇಳಿದ ಸರಕು ಇರುತ್ತಿತ್ತು. ಯಾರ ಮನೆಯಲ್ಲಿ ಜಗಳ, ಯಾರ ಮಗ ಹೇಳದೆ ಕೇಳದೆ ಕೆಲಸ ಬಿಟ್ಟ, ಎಲ್ಲವನ್ನೂ ಕಣ್ಣು ಮುಚ್ಚಿ, ಕೈ ಜೋಡಿಸಿ, ದನಿ ತಗ್ಗಿಸಿ ಹೇಳುತ್ತಿದ್ದ. ಕೊನೆಗೆ 'ಅವರಿಗಾಗಿ ಪ್ರಾರ್ಥಿಸೋಣ' ಎಂದು ಸೇರಿಸಿಬಿಟ್ಟರೆ ಮುಗಿಯಿತು, ಚಾಡಿಯೂ ಪುಣ್ಯದ ಕೆಲಸವೇ. ಅಂಥ ಬುಧವಾರಗಳಲ್ಲಿ ಕೋಣೆ ತುಂಬಿರುತ್ತಿತ್ತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಹಾಗೆ ಒಂದು ಬುಧವಾರ ಅವನ ಬಾಯಿಗೆ ಸಿಕ್ಕವರು ಮೇಷ್ಟ್ರು.

ಮೇಷ್ಟ್ರು ಎಂದರೆ ಸಭೆಯಲ್ಲಿ ಆರ್ಗನ್ ನುಡಿಸುವವರು. ಐವತ್ತು ದಾಟಿದವರು, ಮದುವೆಯಾಗಿಲ್ಲ, ವಯಸ್ಸಾದ ತಾಯಿಯ ಜೊತೆ ವಾಸ. ಆ ತಾಯಿಯೂ ಸಾಮಾನ್ಯರಲ್ಲ. ಸಭೆಯ ಅರ್ಧಕ್ಕರ್ಧ ಜನಕ್ಕೆ ರಾಗ ತಾಳ ಕಲಿಸಿದವರು, ಅಪಸ್ವರ ಎತ್ತಿದವರ ಕಿವಿ ಹಿಂಡಿದವರು. ಈಚೆಗೆ ಆಕೆ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮಂಡಿನೋವಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಇತ್ತ ಮೇಷ್ಟ್ರು, ಜನ್ಮದಲ್ಲಿ ಕನ್ನಡಿಯನ್ನು ಸರಿಯಾಗಿ ನೋಡದವರು, ಇದ್ದಕ್ಕಿದ್ದಂತೆ ಕೂದಲಿಗೆ ಕಪ್ಪು ಬಣ್ಣ ಹಚ್ಚಿಸಿಕೊಳ್ಳಲು ಶುರುಮಾಡಿದರು. ಬುಡದಲ್ಲಿ ಚೂರು ಬಿಳುಪು ಕಂಡರೆ ಸಾಕು, ಭಕ್ತಣ್ಣನ ಅಂಗಡಿಗೆ ಓಡಿ ಬರುತ್ತಿದ್ದರು. ಯಾಕೆಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಸುಮ್ಮನಾದರೆ ಭಕ್ತಣ್ಣ ಬಿಡುತ್ತಾನೆಯೇ? ತಲೆ ನೋಡಿ ಮನಸ್ಸು ಹೇಳುತ್ತೇನೆ ಎಂಬ ಜಂಬ ಅವನಿಗೆ. ಗಾಯನ ತಂಡದಲ್ಲಿ ಆರ್ಗನ್ನಿನ ಪಕ್ಕದಲ್ಲೇ ನಿಂತು ಹಾಡುವವರು ಟೈಲರಮ್ಮ, ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ಬದುಕು ಕಟ್ಟಿಕೊಂಡ ಹೆಂಗಸು. ಇದನ್ನು ಅದಕ್ಕೆ ಕೂಡಿಸಿದ, ಲೆಕ್ಕ ಸರಿಹೋಯಿತು. ಬುಧವಾರ ಕಣ್ಣು ಮುಚ್ಚಿಕೊಂಡು, "ನಮ್ಮ ಮೇಷ್ಟ್ರಿಗೋಸ್ಕರ ಬೇಡಿಕೊಳ್ಳೋಣ. ಈ ವಯಸ್ಸಲ್ಲಿ ಕೂದಲಿಗೆ ಬಣ್ಣ ಹಚ್ಚೋ ಆಸೆ ಬಂದಿದೆ. ಆರ್ಗನ್ ಪಕ್ಕದಲ್ಲಿರೋ ಶೋಧನೆಯಿಂದ, ಆ ಸೆಳೆತದಿಂದ ಕರ್ತನು ಅವರನ್ನ ಕಾಪಾಡಲಿ," ಎಂದ. ಎಲ್ಲರೂ ಆಮೆನ್ ಎಂದರು. ಒಂದು ಕಣ್ಣು ತೆರೆದು ಟೈಲರಮ್ಮನ ಖಾಲಿ ಕುರ್ಚಿಯ ಕಡೆ ನೋಡದವರೇ ಇರಲಿಲ್ಲ.

ಮಾತು ಮೇಷ್ಟ್ರ ಕಿವಿಗೆ ಬೀಳಲು ಎಷ್ಟು ಹೊತ್ತು? ಆ ಭಾನುವಾರ ಅವರು ಬಂದಾಗ ತಲೆಯಲ್ಲಿ ಒಂದೇ ಒಂದು ಕಪ್ಪು ಕೂದಲಿರಲಿಲ್ಲ. ಮನೆಯಲ್ಲೇ ಕತ್ತರಿ ಹಿಡಿದು ಬಣ್ಣವಿದ್ದಷ್ಟನ್ನೂ ಬೇಕಾಬಿಟ್ಟಿ ಕತ್ತರಿಸಿಕೊಂಡಿದ್ದರು. ಬೆಳ್ಳಗೆ, ಏರುತಗ್ಗಾಗಿ ನಿಂತ ಆ ತಲೆಯನ್ನು ನೋಡಿ ಭಕ್ತಣ್ಣನ ಕಸುಬಿನ ಕಣ್ಣಿಗೆ ಸಂಕಟವಾಯಿತು. ಆದರೂ, ಪ್ರಾರ್ಥನೆ ಕೆಲಸ ಮಾಡಿತಲ್ಲ ಎಂದು ಒಳಗೊಳಗೇ ಬೀಗಿದ. ಮುಂದಿನ ಭಾನುವಾರ ಮೇಷ್ಟ್ರು ಬರಲೇ ಇಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಸಭಾಪಾಲಕರಾದ ಅಯ್ಯನವರಿಗೆ ಹೇಳಿ ಕಳಿಸಿದ್ದರಂತೆ. ಆರ್ಗನ್ ಇಲ್ಲದೆ, ಸಭೆಯವನೇ ಆದ ಊರಿನ ಪೋಸ್ಟ್‌ಮ್ಯಾನ್ ಕೀರ್ತನೆ ಎತ್ತಿಕೊಟ್ಟ, ಅದೂ ಎಷ್ಟು ಮೇಲೆ ಎತ್ತಿದನೆಂದರೆ ಎರಡನೇ ಚರಣದ ಹೊತ್ತಿಗೆ ಮಕ್ಕಳು ಬಿಟ್ಟು ಮಿಕ್ಕವರೆಲ್ಲ ಕೆಮ್ಮುತ್ತಿದ್ದರು. ಟೈಲರಮ್ಮ ಬಾಯಿ ತೆರೆಯಲಿಲ್ಲ. ಆರಾಧನೆ ಮುಗಿದದ್ದೇ ತಡ, ಯಾರ ಮುಖವನ್ನೂ ನೋಡದೆ ಹೊರಟುಹೋದರು.

ದಾರಿ ತಪ್ಪಿದ ಕುರಿಯನ್ನು ಕರೆತರುವ ಉಮೇದಿನಲ್ಲಿ ಭಕ್ತಣ್ಣ ಮಾರನೆಯ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದ. ಹೇಳಬೇಕಾದ ಬುದ್ಧಿವಾದವನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ನೋಡಿದರೆ ಮೇಷ್ಟ್ರು ತಮ್ಮ ಮನೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು ಹಿಡಿದು ಕೂತಿದ್ದಾರೆ. ಒಳಗಿನಿಂದ ಅವರ ತಾಯಿಯ ಗಟ್ಟಿ ದನಿ.

"ಯಾರಯ್ಯ ಮುದುಕ ನೀನು, ದಿನಾ ನಮ್ಮನೆಗೆ ನುಗ್ತೀಯ? ನನ್ನ ಮಗ ಬರಲಿ, ನಿನಗಿದೆ!"

ಮೇಷ್ಟ್ರು ಬಟ್ಟಲನ್ನು ಪಕ್ಕಕ್ಕಿಟ್ಟು ಚಿಕ್ಕದಾಗಿ ಹೇಳಿದರು. ಅಮ್ಮನಿಗೆ ಮರೆವಿನ ಕಾಯಿಲೆ. ಮಗ ಎಂದರೆ ಕಪ್ಪು ಕೂದಲಿನವನು ಎಂಬುದಷ್ಟೇ ಆಕೆಯ ತಲೆಯಲ್ಲಿ ಉಳಿದಿದೆ. ಬಣ್ಣ ಹಚ್ಚಿಕೊಂಡಿದ್ದಾಗ ಹೆಸರು ಹಿಡಿದು ಕರೆಯುತ್ತಿದ್ದಳು, ಉಣಿಸಿದರೆ ಉಣ್ಣುತ್ತಿದ್ದಳು. ಈಗ ಮಗನನ್ನು ಹುಡುಕಿಕೊಂಡು ಬೀದಿಗಿಳಿಯುತ್ತಾಳೆ, ಅದಕ್ಕೇ ಮನೆ ಬಿಟ್ಟು ಅಲುಗಾಡುವ ಹಾಗಿಲ್ಲ. ಮತ್ತೆ ಬಣ್ಣ ಹಚ್ಚಿಕೊಳ್ಳೋಣವೆಂದರೆ ಪಾಪ, ಆ ಟೈಲರಮ್ಮನ ಮೇಲೆ ಮಾತು ಬರುತ್ತದೆ. ಇಷ್ಟು ಹೇಳಿ ಮೇಷ್ಟ್ರು ತಲೆ ತಗ್ಗಿಸಿದರು.

"ಇದನ್ನ ಯಾರಿಗೂ ಹೇಳಬೇಡಿ ಭಕ್ತಣ್ಣ," ಎಂದರು. "ಅಷ್ಟು ಜನಕ್ಕೆ ಹಾಡು ಕಲಿಸಿದವಳು. ಹೆತ್ತ ಮಗನ ಗುರುತೂ ಸಿಗಲ್ಲ ಅಂತ ಜನ ಮರುಗೋದು ಬೇಡ."

ಇಡೀ ಕ್ಷೌರ ಮುಗಿಯುವವರೆಗೆ ಉಸಿರು ತೆಗೆಯದೆ ಮಾತಾಡುವ ಭಕ್ತಣ್ಣನ ಬಾಯಿ, 'ತಪ್ಪಾಯ್ತು' ಎಂಬ ಒಂದು ಮಾತನ್ನು ಆಡಲಾರದೆ ಹೋಯಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟು, ಬಂದ ಕಾಲಲ್ಲೇ ವಾಪಸಾದ. ಮನೆಗೆ ಬಂದವನು ಬಾಗಿಲು ಹಾಕಿಕೊಂಡು ಮೊಣಕಾಲೂರಿ ಬಿಕ್ಕಿಬಿಕ್ಕಿ ಅತ್ತ. ನಾಚಿಕೆಯಿಂದ ಅವನಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತ್ತು.

ಹೆಂಡತಿ ಬಾಗಿಲಾಚೆ ನಿಂತು ಅಳು ಕೇಳಿಸಿಕೊಂಡಳು. ಏನಾಯಿತೆಂದು ಕೇಳಿದರೆ, ಮೇಷ್ಟ್ರ ಬಗ್ಗೆ ಸುಳ್ಳು ಹೇಳಿಬಿಟ್ಟೆ, ದೇವರ ಹತ್ತಿರ ಕ್ಷಮೆ ಕೇಳಿದೆ ಎಂದ.

"ದೇವರ ಹತ್ರ ಕೇಳಿದ್ದು ಒಳ್ಳೇದೇ ಆಯ್ತು," ಎಂದಳು ಅವಳು. "ಆದ್ರೆ ನೀವು ಹೇಳಿದ್ದನ್ನ ನಂಬಿದ್ದು ದೇವರಲ್ಲವಲ್ಲ ರೀ. ನಾವು ನಂಬಿದ್ದು."

ಮಧ್ಯಾಹ್ನ ಅವನು ಅಯ್ಯನವರನ್ನು ಹುಡುಕಿಕೊಂಡು ಹೋದ. ಸಭಾಪಾಲಕರು ಆರಾಧನಾ ಮಂದಿರದಲ್ಲಿ ಏಣಿ ಹತ್ತಿ ಕೆಟ್ಟ ಬಲ್ಬು ಬದಲಾಯಿಸುತ್ತಿದ್ದರು. ಭಕ್ತಣ್ಣ ಕೆಳಗೆ ನಿಂತೇ ತಪ್ಪೊಪ್ಪಿಕೊಂಡ. ತಾನು ಹೇಳಿದ್ದು ಅಪ್ಪಟ ಸುಳ್ಳು, ನಿಜ ಬೇರೆಯೇ ಇದೆ, ಅದನ್ನು ಮಾತ್ರ ಹೇಳುವಂತಿಲ್ಲ ಎಂದ. ಅಯ್ಯನವರೂ ಮನುಷ್ಯರೇ ತಾನೆ, ನಿಜ ಏನಿರಬಹುದು ಎಂದು ಒಂದು ಮೆಟ್ಟಿಲು ಇಳಿದೇಬಿಟ್ಟರು; ಮತ್ತೆ ಏನೋ ನೆನಪಾದವರಂತೆ ಮೇಲಕ್ಕೇ ಹತ್ತಿದರು. ವಾರವಿಡೀ ಉಪವಾಸ ಮಾಡುತ್ತೇನೆ, ಸರಿಯೇ ಎಂದು ಭಕ್ತಣ್ಣ ಕೇಳಿದ.

"ಹೊಟ್ಟೆ ಏನು ಪಾಪ ಮಾಡ್ತು? ಮಾಡಿದ್ದು ನಾಲಿಗೆ," ಎಂದರು ಅಯ್ಯನವರು. "ಪಶ್ಚಾತ್ತಾಪ ಅಂದ್ರೆ ಅತ್ತು ಸುಮ್ಮನಾಗೋದಲ್ಲ, ಹೋದ ದಾರಿಯಲ್ಲೇ ತಿರುಗಿ ಬರೋದು. ಎಲ್ಲಿ ಹೇಳಿದ್ಯೋ ಅಲ್ಲೇ ನಿಂತು ಹೇಳು. ಯಾರಿಗೆ ನೋವು ಮಾಡಿದ್ಯೋ ಅವರ ಮುಖ ನೋಡಿ ಹೇಳು. ಯೇಸು ಜೊತೆಗಿರ್ತಾನೆ, ಹೋಗು. ಹೋಗೋ ಮುಂಚೆ ಆ ಬಲ್ಬು ಕೊಡು ಇಲ್ಲಿ."

ಬುಧವಾರದವರೆಗಿನ ಪಾಡು ಯಾರಿಗೂ ಬೇಡ. ಜೀವಮಾನದಲ್ಲೇ ಕೇಳದಂಥ ಸುದ್ದಿ ಹೊಟ್ಟೆಯಲ್ಲಿದೆ, ಬಾಯಿ ಬಿಡುವಂತಿಲ್ಲ. ಗಿರಾಕಿ ಬಂದು ಏನು ಸಮಾಚಾರ ಎಂದರೆ, ಸೆಕೆ ಜಾಸ್ತಿ ಎನ್ನುತ್ತಿದ್ದ. ಹಲ್ಲುನೋವಿರಬೇಕೆಂದು ಒಬ್ಬರು ಲವಂಗ ತಂದುಕೊಟ್ಟರು. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದು: ನಿಜ ಹೇಳಿಬಿಟ್ಟರೆ ಕೂಟದವರು ಕಣ್ಣೀರು ಹಾಕುತ್ತಾರೆ, ಮೇಷ್ಟ್ರು ದೊಡ್ಡವರಾಗುತ್ತಾರೆ, ಸುದ್ದಿ ತಂದ ಭಕ್ತಣ್ಣನೂ ಪಾರಾಗುತ್ತಾನೆ. ಹೇಳದಿದ್ದರೆ ಬರೀ ಚಾಡಿಕೋರ. ಮಂಗಳವಾರ ಪೂರ್ತಿ ಅವನು ಈ ಎರಡರ ನಡುವೆ ಒದ್ದಾಡಿದ.

ಬುಧವಾರ ಟೈಲರಮ್ಮನನ್ನು ಹೆಂಡತಿಯೇ ಕೈಹಿಡಿದು ಕರೆತಂದಿದ್ದಳು. ಭಕ್ತಣ್ಣ ಎದ್ದು ನಿಂತ. ಈ ಸಲ ಕಣ್ಣು ಮುಚ್ಚಲಿಲ್ಲ.

"ಮೇಷ್ಟ್ರ ಬಗ್ಗೆ ನಾನು ಹೇಳಿದ್ದು ಪ್ರಾರ್ಥನೆ ಅಲ್ಲ, ಚಾಡಿ. ಅದರಲ್ಲಿ ನಿಜ ಒಂದಿಷ್ಟೂ ಇಲ್ಲ, ನಾನೇ ಕಟ್ಟಿದ್ದು. ಟೈಲರಮ್ಮ, ನಿಮ್ಮ ಹೆಸರು ಕೆಡಿಸ್ದೆ. ಕ್ಷಮಿಸಿ."

ಪೋಸ್ಟ್‌ಮ್ಯಾನ್ ತಡೆಯಲಾರದೆ, ಹಾಗಾದರೆ ಬಣ್ಣ ಹಚ್ಚಿದ್ದು ಯಾಕೆ ಎಂದು ಕೇಳಿದ. ಕುರ್ಚಿಗಳೆಲ್ಲ ಕಿರ್ ಎಂದು ಮುಂದೆ ಸರಿದವು. ಮಾತು ಭಕ್ತಣ್ಣನ ನಾಲಿಗೆಯ ತುದಿಗೆ ಬಂತು. ಅವನು ಒಳಗೇ ಯೇಸುವೇ ಎಂದು ಕರೆದು, ಉಗುಳು ನುಂಗಿದ.

"ತಲೆ ಅವರದು," ಎಂದ. "ಅದಕ್ಕಿಂತ ಹೆಚ್ಚಿಗೆ ಹೇಳೋ ಹಕ್ಕು ನನಗಿಲ್ಲ."

ಯಾರೋ ಛೇ ಎಂದರು. ಇನ್ಯಾರೋ, ದೊಡ್ಡ ಭಕ್ತ ಎಂದು ಗೊಣಗಿದರು. ಟೈಲರಮ್ಮ ಅವನನ್ನೇ ನೋಡುತ್ತಿದ್ದರು. ಕೊನೆಗೆ, ಕ್ಷಮಿಸಿದ್ದೇನೆ ಎಂದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾನೂ ಎಷ್ಟೋ ವರ್ಷದಿಂದ ಬಣ್ಣ ಹಚ್ಕೋತಿದ್ದೀನಿ ಭಕ್ತಣ್ಣ. ನನ್ನ ಹಿಂದೆ ಯಾರೂ ಬಿದ್ದಿಲ್ಲ. ಮೊದಲು ಅದಕ್ಕೆ ಪ್ರಾರ್ಥನೆ ಮಾಡಿ," ಎಂದರು. ನಗು ಎದ್ದಿತು ನೋಡಿ, ಅಯ್ಯನವರಿಗೆ ಕೂಟ ಶುರುಮಾಡಲು ಚಪ್ಪಾಳೆ ತಟ್ಟಬೇಕಾಯಿತು.

ಮಾರನೆಯ ಬೆಳಿಗ್ಗೆ ಅಂಗಡಿ ಮುಚ್ಚಿ, ಚೀಲದಲ್ಲಿ ಬಣ್ಣ, ಬಟ್ಟಲು, ಬ್ರಷ್ಷು ಇಟ್ಟುಕೊಂಡು ಮೇಷ್ಟ್ರ ಮನೆಗೆ ಹೋದ. ಕೂಟದಲ್ಲಿ ಎಲ್ಲ ಸರಿಮಾಡಿದ್ದೇನೆ, ಟೈಲರಮ್ಮನೇ ನಕ್ಕುಬಿಟ್ಟರು, ನಿಮ್ಮ ಗುಟ್ಟು ಗುಟ್ಟಾಗಿಯೇ ಇದೆ ಎಂದ. ಇಷ್ಟೆಲ್ಲ ಹೇಳಿದವನಿಗೆ ಹೇಳಲೇಬೇಕಾದ ಆ ಒಂದು ಮಾತನ್ನು ಮಾತ್ರ ಮತ್ತೆ ಆಡಲಾಗಲಿಲ್ಲ. ಮೇಷ್ಟ್ರು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು ಕೂತರು.

ತಾಯಿ ಮಂಚದ ಮೇಲಿಂದ ಇಬ್ಬರನ್ನೂ ಅನುಮಾನದಿಂದ ನೋಡುತ್ತಿದ್ದರು. ಭಕ್ತಣ್ಣ ಮೊದಲು ಏರುತಗ್ಗನ್ನೆಲ್ಲ ಸಮ ಮಾಡಿದ. ಬಣ್ಣ ಕಲಸಿ, ಕಿವಿಯ ಹಿಂದೆ, ಕತ್ತಿನ ಮೇಲೆ ಒಂದು ಕೂದಲೂ ಬಿಡದಂತೆ ಹಚ್ಚಿದ. ಹಿಡಿಯುವವರೆಗೆ ಕಾದು, ಬೋಗುಣಿಯಲ್ಲಿ ತಲೆ ತೊಳೆದು, ಟವೆಲ್ಲಿನಿಂದ ಒರೆಸಿ, ಇದ್ದಷ್ಟು ಕೂದಲನ್ನು ಬಾಚಿದ. ಮೇಷ್ಟ್ರು ಹೆದರಿ ಹೆದರಿ ಮಂಚದ ಕಡೆ ತಿರುಗಿದರು.

"ಬಂದ್ಯಾ ಮಗನೇ!" ಎಂದರು ತಾಯಿ. "ಎಷ್ಟು ದಿನ ಆಯ್ತೋ ನಿನ್ನ ಮುಖ ನೋಡಿ. ಊಟ ಮಾಡಿದ್ಯಾ?"

ಮೇಷ್ಟ್ರು ಮಂಚದ ಮೇಲೆ ಕೂತು ಆಕೆಯ ಕೈ ಹಿಡಿದುಕೊಂಡರು. ಆಕೆ ಅವರ ಒದ್ದೆ ತಲೆ ಸವರಿದರು. ಸವರುತ್ತಾ ಮುಖ ಸಪ್ಪಗಾಯಿತು.

"ನೀನಿಲ್ಲದಾಗ ಒಬ್ಬ ಮುದುಕ ಬರ್ತಿದ್ದ ಕಣೋ. ಪಾಪ, ಒಳ್ಳೆಯವನು, ದಿನಾ ಹಾಲು ಬ್ರೆಡ್ಡು ತಂದು ತಿನ್ನಿಸ್ತಿದ್ದ. ನಾನು ಬಾಯಿಗೆ ಬಂದ ಹಾಗೆ ಬೈದು ಕಳಿಸಿಬಿಟ್ಟೆ." ಆಮೇಲೆ ಭಕ್ತಣ್ಣನ ಕಡೆ ತಿರುಗಿದರು. "ನೀನು ಊರೆಲ್ಲ ಓಡಾಡೋನು. ಅವನು ಕಂಡ್ರೆ ಹೇಳಪ್ಪ, ತಪ್ಪಾಯ್ತು, ಕ್ಷಮಿಸಬೇಕಂತೆ ಅಂತ."

ಭಕ್ತಣ್ಣ ಬಾಚಣಿಗೆಯನ್ನು ಕೆಳಗಿಟ್ಟ. ಮೇಷ್ಟ್ರ ಮುಖ ನೋಡಿದ.

"ತಪ್ಪಾಯ್ತು," ಎಂದ. "ಕ್ಷಮಿಸಬೇಕು."

ಮೇಷ್ಟ್ರ ಕಣ್ಣು ತುಂಬಿತ್ತು. "ಅವನು ಆಗಲೇ ಕ್ಷಮಿಸಿಬಿಟ್ಟಿದ್ದಾನೆ ಅಮ್ಮ," ಎಂದರು. "ಇಬ್ಬರನ್ನೂ."

ಇಬ್ಬರು ಯಾರೆಂದು ಆಕೆ ಕೇಳಲಿಲ್ಲ. ಬ್ರೆಡ್ಡು ಎಲ್ಲಿ ಎಂದು ಕೇಳಿದರು.

ಸಿಳ್ಳೆ ಹಾಕುತ್ತಾ ಮನೆಗೆ ಬಂದ ಗಂಡನನ್ನು ಕಂಡು ಹೆಂಡತಿ ಕೆಲಸ ಬಿಟ್ಟು ಓಡಿಬಂದಳು. ಏನಾಯಿತು, ಮೇಷ್ಟ್ರು ಏನಂದರು, ಅವರಮ್ಮ ಹೇಗಿದ್ದಾರೆ ಎಂದು ಒಂದೇ ಉಸಿರಿಗೆ ಕೇಳಿದಳು. ಭಕ್ತಣ್ಣ ಚೀಲವನ್ನು ಮೊಳೆಗೆ ನೇತುಹಾಕಿದ.

"ಭಾನುವಾರ ಆರ್ಗನ್ ಇರುತ್ತೆ," ಎಂದ. "ಬಣ್ಣ ಚೆನ್ನಾಗಿ ಹಿಡೀತು."

ಅಷ್ಟೇ. ಅವಳು ಇನ್ನೂ ಒಂದಿಷ್ಟು ಹೊತ್ತು ಕಾದಳು, ಮುಂದೆ ಏನಾದರೂ ಬರುತ್ತದೆಂದು. ಏನೂ ಬಾರದಿದ್ದಾಗ ಹತ್ತಿರ ಬಂದು, ಜ್ವರ ಗಿರ ಬಂದಿದೆಯೋ ಎಂದು ಅವನ ಹಣೆ ಮುಟ್ಟಿ ನೋಡಿದಳು.